ಗರಿ ಇರುವುದೆಲ್ಲ ಹಾರಬೇಕು

ನಮ್ಮ ಸೋದರಮಾವನಿಗೆ ಕಿವಿ ಕೇಳಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಅವರಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದ ಮಾತಿಗೆ ಆಕ್ಷೇಪಣೆ ಎಲ್ಲಿಂದ ಬರಬೇಕು? ಬಿಳಿಗೆರೆ ಊರೆಲ್ಲ ಒಪ್ಪಿಕೊಂಡಿತ್ತು. ನಮ್ಮತ್ತೆ ಒಪ್ಪಿಕೊಂಡಿದ್ದರು. ಕೊಟ್ಟಿಗೆಯ ಎಮ್ಮೆ ಕೂಡ ಒಪ್ಪಿಕೊಂಡಿತ್ತು. ಹಿಂಡಿಯ ಹೊತ್ತಾದರೆ ಅದು ಕೂಗುವ ಶ್ರಮ ತೆಗೆದುಕೊಳ್ಳದೆ, ಹಗ್ಗ ಎಳೆದಷ್ಟು ದೂರ ಬಂದು ಮಾವನ ಬೆನ್ನಿಗೆ ಮೂತಿ ಒರೆಸುತ್ತಿತ್ತು. ಒಪ್ಪಿಕೊಳ್ಳಬೇಕಾದವರು ಇನ್ನೊಬ್ಬರೇ ಬಾಕಿ ಇದ್ದರು. ಅವರು ಮಾವ.

ನಾನು ಅವರ ಅಕ್ಕನ ಮಗ. ತಿಪಟೂರು, ತುರುವೇಕೆರೆ ಕಡೆಯ ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು ಮಿಮಿಕ್ರಿ ಮಾಡುವುದು ನನ್ನ ಕಸುಬು. ಇಬ್ಬರು ಮಂತ್ರಿಗಳು, ಒಬ್ಬ ತರಕಾರಿ ಹೆಂಗಸು, ಏರಿಯ ಮೇಲೆ ಗೇರು ಬೀಳದೆ ನಿಂತ ಸರ್ಕಾರಿ ಬಸ್ಸು, ಇವಿಷ್ಟು ನನ್ನ ಸರಕು. ನನ್ನ ಸ್ವಂತ ದನಿ ಯಾವುದೆಂದು ನನಗೇ ಖಾತ್ರಿಯಿಲ್ಲ; ಫೋನಿನಲ್ಲಿ ನಮ್ಮಮ್ಮ ಮೊದಲು ಕೇಳುವುದೇ "ಯಾರ್ ಮಾತಾಡ್ತಿರೋದು, ನೀನೋ ಮಂತ್ರಿಗಳೋ?" ಎಂದು. ಆದರೆ ನನ್ನ ಅತ್ಯುತ್ತಮ ಐಟಂ ಮಾವನೇ. ಅವರ ಬೆನ್ನ ಹಿಂದೆ ಮೂರಡಿ ದೂರದಲ್ಲಿ ನಿಂತು ಅವರದೇ ಗಂಟಲಿನಲ್ಲಿ "ಏನ್ಲಾ ಅಂದೆ? ಗಟ್ಯಾಗ್ ಹೇಳ್ಲಾ" ಎನ್ನುತ್ತಿದ್ದೆ. ಸುತ್ತಲಿದ್ದವರು ನಗುತ್ತಿದ್ದರು. ಎಲ್ಲರೂ ನಗುವುದನ್ನು ಕಂಡು ಮಾವನೂ ನಗುತ್ತಿದ್ದರು. ಇಂಥ ಪ್ರೇಕ್ಷಕ ಯಾವ ಕಲಾವಿದನಿಗೆ ಸಿಕ್ಕಾನು?

ಇದರಲ್ಲಿ ಒಂದು ವಿಚಿತ್ರವಿದೆ. ಒಂದು ಕಾಲಕ್ಕೆ ಈ ಮನುಷ್ಯನಿಗೆ ಹೆಸರು ಬಂದದ್ದೇ ಕಿವಿಯಿಂದ. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆಯದೆ ತಿಳಿಯಬೇಕಾದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ನೀರಿದೆ. ಗಡಗಡ ಎಂದರೆ ಉಂಡೆ ಬಿಟ್ಟಿದೆ. ಇಷ್ಟು ನಮಗೂ ಗೊತ್ತು. ಮಾವ ಇವೆರಡರ ನಡುವೆ ಇನ್ನೂ ಏಳೆಂಟು ಸದ್ದು ಕೇಳುತ್ತಿದ್ದರು. ಅಲ್ಲಾಡಿಸಿ, ಕಣ್ಣು ಮುಚ್ಚಿ, "ಇದಕ್ಕಿನ್ನ ಹದಿನೆಂಟು ದಿನ" ಎನ್ನುತ್ತಿದ್ದರು. ಇಪ್ಪತ್ತನೆಯ ದಿನ ಒಡೆದರೆ, ಎರಡು ದಿನ ತಡ ಮಾಡಿದ್ದಕ್ಕೆ ನಮಗೇ ಬೈಗುಳ. ಈ ಅಭ್ಯಾಸ ಬಲಿತು ಅವರು ಏನನ್ನು ಕೈಗೆತ್ತಿಕೊಂಡರೂ ಒಮ್ಮೆ ಅಲ್ಲಾಡಿಸುತ್ತಿದ್ದರು: ಗ್ಯಾಸ್ ಸಿಲಿಂಡರು, ಕಲ್ಲಂಗಡಿ, ಮದುವೆ ಮನೆಯ ಉಡುಗೊರೆ ಡಬ್ಬಿ. ನಾನು ಹುಟ್ಟಿದಾಗ ನನ್ನನ್ನೂ ಎತ್ತಿ ಮೆಲ್ಲಗೆ ಅಲ್ಲಾಡಿಸಿ ನೋಡಿದರಂತೆ. ಒಳಗೇನೂ ಇಲ್ಲ ಎಂದು ಅವತ್ತೇ ಹೇಳಿದ್ದರೆಂದು ನಮ್ಮಮ್ಮ ಈಗಲೂ ಜ್ಞಾಪಿಸುತ್ತಾರೆ.

ಅವರ ಜೀವನೋಪಾಯವೂ ಕಿವಿಯದೇ. ತಿಪಟೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟು, ಫ್ಯಾನು, ಮಿಕ್ಸಿಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಕೆಲಸ. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಡಾಕ್ಟರ ಗಾಂಭೀರ್ಯದಲ್ಲಿ "ಹಿಂದ್ಗಡೆ ಬೇರಿಂಗ್ ಹೋಗೈತೆ" ಎನ್ನುತ್ತಿದ್ದರು. ಬಿಚ್ಚಿದರೆ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು.

ಅನುಮಾನ ಶುರುವಾದದ್ದು ಎರಡು ವರ್ಷದ ಕೆಳಗೆ. ಮಾವ ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ, "ಆಗೈತೆ, ಇಳಿಸ್ರೋ" ಎಂದರು. ಇಳಿಸಿ ಸುಲಿದು ಒಡೆದರೆ ಒಂದೊಂದು ಕಾಯಿಯಿಂದಲೂ ನೀರು. ಅಂಗಳವೆಲ್ಲ ಎಳನೀರಿನ ಅಂಗಡಿ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತರು.

"ಏನ್ರೀ ಇದು?"

"ಕಾಯಿ ಸುಳ್ ಹೇಳ್ತು ಕಣೇ. ಈಗಿನ್ ಕಾಯಿಗಳ್ನ ನಂಬಂಗಿಲ್ಲ."

ಆಮೇಲೆ ಕಾಯಿಗಳು ಮಾತ್ರವಲ್ಲ, ಮನೆಮಂದಿಯೂ ಸುಳ್ಳು ಹೇಳತೊಡಗಿದರು. ಬಸ್ಸಾರಿಗೆ ಸೊಪ್ಪು ತನ್ನಿ ಎಂದು ಅತ್ತೆ ಹೇಳಿದರೆ ಮಾವ ಎರಡು ಸೋಪು ತಂದರು. "ಬಸ್ಸಾರಿಗೆ ಸೋಪ್ ಯಾಕೆ ಅಂತ ಒಂದ್ ಸಲನಾದ್ರೂ ಯೋಚ್ನೆ ಬರ್ಲಿಲ್ವೇನ್ರೀ ನಿಮ್ಗೆ?" ಎಂದು ಅತ್ತೆ ಕೂಗಿದರು. "ಬಂತು. ಆದ್ರೆ ನೀನ್ ಮಾಡೋ ಅಡ್ಗೆ ವಿಷ್ಯದಲ್ಲಿ ನಾನ್ ಯಾವತ್ತು ತಲೆ ಹಾಕಿದೀನಿ ಹೇಳು" ಎಂದರು ಮಾವ. ಆ ಸಂಭಾಷಣೆಯನ್ನು ನಾನು ಹನ್ನೊಂದು ಮದುವೆಗಳಲ್ಲಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಮುಂದಿನ ಪ್ರಸಂಗವನ್ನೂ ಮದುವೆಗೆ ಒಗ್ಗಿಸಬೇಕೆಂದಿದ್ದೆ, ಆಗಲಿಲ್ಲ. ಮಾವ ಮೊಪೆಡ್ಡಿನಲ್ಲಿ ಅಂಗಡಿಗೆ ಹೋಗುವಾಗ ಹೈವೇಯಲ್ಲಿ ಹಿಂದಿನಿಂದ ಒಂದು ಲಾರಿ ಹಾರನ್ನು ಹೊಡೆದೇ ಹೊಡೆಯಿತಂತೆ. ಮಾವ ರಸ್ತೆಯ ನಡುವೆ ನೆಮ್ಮದಿಯಾಗಿ ಹೋಗುತ್ತಿದ್ದರು. ಲಾರಿಯವನು ಕೊನೆಗೆ ಪಕ್ಕದ ಮಣ್ಣಿಗಿಳಿದು, ಇವರನ್ನು ಸವರಿದಂತೆ ದಾಟಿ, ಕಿಟಕಿಯಿಂದ ತಲೆ ಹಾಕಿ ಮನಸಾರೆ ಬೈದ. ಯಾರೋ ಪರಿಚಯದವರು ಮಾತಾಡಿಸುತ್ತಿದ್ದಾರೆಂದು ಮಾವ ನಕ್ಕು ಕೈ ಬೀಸಿದರು. ಮನೆಗೆ ಬಂದು ಪರಿಚಯದವರು ಸಿಕ್ಕಿದ್ದರೆಂದಷ್ಟೇ ಮಾವ ಖುಷಿಯಿಂದ ಹೇಳಿದರು; ಹಾರನ್ನಿನ, ಬೈಗುಳದ ಕಥೆ ಹೇಳಿದ್ದು ಹಿಂದೆಯೇ ಬಂದ ಊರವರೊಬ್ಬರು. ನಾನು ಲಾರಿಯ ಹಾರನ್ನು ಬಾಯಲ್ಲಿ ಮಾಡಲು ಶುರುಮಾಡಿದೆ. ಅತ್ತೆ ನಗಲಿಲ್ಲ. ಕಡೆಯುತ್ತಿದ್ದ ಮಜ್ಜಿಗೆಯನ್ನು ಹಾಗೇ ಬಿಟ್ಟು ಒಳಗೆ ಹೋದರು. ಅವತ್ತಿನಿಂದ ಮಾವ ಸಂಜೆ ಬರುವ ಹೊತ್ತಿಗೆ ಅವರು ದಿನವೂ ದಾರಿಗೆ ಮುಖಮಾಡಿ ಜಗಲಿಯ ಮೇಲೆ ಕೂರುತ್ತಿದ್ದರು, ಅಕ್ಕಿ ಆರಿಸುವ ನೆಪದಲ್ಲಿ. ಆ ಮನೆಯಷ್ಟು ಕಲ್ಲಿಲ್ಲದ ಅನ್ನವನ್ನು ನಾನು ಎಲ್ಲೂ ಉಂಡಿಲ್ಲ.

ಅವರೇ ಉಪಾಯ ಮಾಡಿದರು. "ನಂಗೆ ಕಿವಿ ನೋವು, ಜೊತೆಗ್ ಬನ್ನಿ" ಎಂದು ಮಾವನನ್ನು ತುಮಕೂರಿನ ಒಬ್ಬ ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು. ಜೊತೆಗೆ ನಾನೂ ಹೋದೆ, ಐಟಂ ಸಿಗುತ್ತದೆಂದು. ಗಾಜಿನ ಕೋಣೆಯಲ್ಲಿ ಮಾವನನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ತೊಡಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಮಾವ ಒಂದನ್ನೂ ತಪ್ಪಿಸದೆ ಒತ್ತಿದರು. ಅತ್ತೆಯ ಮುಖ ಪೆಚ್ಚಾಯಿತು. ಪರೀಕ್ಷೆ ಮಾಡುವ ಹುಡುಗಿಗೆ ಏನನ್ನಿಸಿತೋ, ಬಂದು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ಅಲ್ಲಿಂದಾಚೆಗೆ ಮಾವ ಒಂದು ಸಲವೂ ಒತ್ತಲಿಲ್ಲ. ಇಷ್ಟು ಹೊತ್ತು ಗಾಜಿನ ಆಚೆ ಅವಳ ಬೆರಳು ನೋಡಿಕೊಂಡು ಒತ್ತುತ್ತಿದ್ದರು.

"ನಾನು ಮೋಟಾರ್ ರಿಪೇರಿಯೋನು ತಾಯಿ," ಎಂದರು ಆಮೇಲೆ, ಯಾವ ನಾಚಿಕೆಯೂ ಇಲ್ಲದೆ. "ಇಲ್ಲಿ ಸ್ವಿಚ್ ಒತ್ತುದ್ರೆ ಅಲ್ಲಿಗ್ ಕರೆಂಟ್ ಹೋಯ್ತದೆ ಅಂತ ನಂಗ್ ಗೊತ್ತಾಗಲ್ವಾ?"

ಹೀಗೆ ಮನೆಗೆ ಕಿವಿಯ ಮೆಷಿನ್ ಬಂತು. ಪುಟ್ಟದು, ಬಾಗಿದ್ದು, ಹಳದಿ ಬಿಳುಪು ಬಣ್ಣದ್ದು. ಮಾವ ಅದನ್ನು ಅಂಗೈಯಲ್ಲಿಟ್ಟು ನೋಡಿ, ಅಲ್ಲಾಡಿಸಿ, "ಗೋಡಂಬಿ" ಎಂದು ಹೆಸರಿಟ್ಟರು. "ಗೋಡಂಬಿ ತಿನ್ನೋ ವಸ್ತು ಕಣೇ, ಕಿವಿಗ್ ಇಕ್ಕೋದಲ್ಲ. ವೈಂಡಿಂಗ್‌ನೋನ್ ಕಿವೀಲಿ ಇದನ್ ಕಂಡ್ರೆ ಯಾವನ್ಲಾ ಮೋಟಾರ್ ತಂದ್ಕೊಡ್ತಾನೆ?" ಕೊನೆಯ ವಾಕ್ಯ ನನಗೆ ಹೇಳಿದ್ದು. ಅದರಲ್ಲಿ ತಮಾಷೆ ಇರಲಿಲ್ಲ. ಮೂವತ್ತು ವರ್ಷ ಕಿವಿಯಿಂದ ಹೆಸರು ಮಾಡಿದವರು ಅದೇ ಕಿವಿಗೆ ತೇಪೆ ಹಾಕಿಕೊಂಡು ಅಂಗಡಿಯಲ್ಲಿ ಕೂರುವುದು ಹೇಗೆ? ಗೋಡಂಬಿ ಡಬ್ಬಿ ಸಮೇತ ಬೀರು ಸೇರಿತು.

ಹೀಗಿರುವಾಗ ಬಿಳಿಗೆರೆಗೆ ಡ್ರೋನು ಬಂತು. ಬೆಳೆಗೆ ಔಷಧಿ ಹೊಡೆಯುವುದನ್ನು ತೋರಿಸಲು ಯಾರೋ ತಂದಿದ್ದರು. ಅದು ಮೇಲೆದ್ದಾಗ ಬಂದ ಸದ್ದಿಗೆ ದನಗಳು ಕಣ್ಣಿ ಕಿತ್ತುಕೊಂಡವು, ನಾವೆಲ್ಲ ಎರಡೂ ಕಿವಿ ಮುಚ್ಚಿಕೊಂಡೆವು. ಮಾವ ಮಾತ್ರ ಕೈಕಟ್ಟಿ ನಿಂತು ಮೆಚ್ಚಿಗೆಯಿಂದ ತಲೆದೂಗಿದರು.

"ಎಂಥಾ ಮೆಷಿನ್ ಕಣ್ಲಾ, ಒಂಚೂರೂ ಸದ್ದಿಲ್ಲ."

ಪಕ್ಕದ ತೋಟದ ಪರಮೇಶಣ್ಣ, ಕೊಬ್ಬರಿ ವ್ಯಾಪಾರಿ, ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಆಕಾಶ ನೋಡಿದರು. ಮಾವ ಮುಂದುವರಿಸಿದರು: "ಆದ್ರೆ ಇದು ಹಾರೋದಲ್ಲ. ಇದು ನಾಕ್ ಫ್ಯಾನಿಗೆ ನೇತಾಕ್ಕೊಂಡಿರೋದು. ಫ್ಯಾನ್ ನಾನ್ ನೋಡಿಲ್ವಾ? ಮೂವತ್ ವರ್ಷದಿಂದ ಸೀಲಿಂಗ್ ಫ್ಯಾನಿಗೆ ತಂತಿ ಸುತ್ತಿದೀನಿ, ಒಂದಾದ್ರೂ ಹಾರ್ತಾ? ಹಾರೋದು ಅಂದ್ರೆ ರೆಕ್ಕೆ ಬಡೀಬೇಕು ಕಣಪ್ಪ."

"ಹಂಗಾದ್ರೆ ನೀವೇ ಒಂದ್ ಮಾಡ್ರಿ, ನೋಡೋಣ" ಎಂದರು ಪರಮೇಶಣ್ಣ, ಕಿವಿಯ ಹತ್ತಿರ ಬಂದು ಕೂಗಿ. ಅದೊಂದು ಮಾತು ಮಾವನಿಗೆ ಚೆನ್ನಾಗಿ ಕೇಳಿಸಿತು. ನಾವು ಬೇಡವೆಂದ ಮಾತುಗಳೇ ಅವರಿಗೆ ಕೇಳಿಸುವುದು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಪಂದ್ಯ ಕಟ್ಟಿದ್ದು ಅತ್ತೆಯೇ. ಸಾರು ಬಡಿಸುತ್ತ ಒಂದೊಂದೇ ಪದ ಬಿಡಿಸಿ ಹೇಳಿದರು, ಮಾವನಿಗೆ ಬಾಯಿ ಕಾಣುವಂತೆ. "ಆಯ್ತು. ಮಾಡಿ. ರೆಕ್ಕೆ ಬಡ್ಕೊಂಡು ನಮ್ಮಂಗಳ್ದಿಂದ ಪರಮೇಶಣ್ಣನ ಬೇಲಿ ದಾಟ್ಬೇಕು. ದಾಟ್ಲಿಲ್ಲ ಅಂದ್ರೆ ಗೋಡಂಬಿ ಹಾಕ್ಕೋಬೇಕು. ಅಂಗ್ಡೀಲೂ, ರಸ್ತೇಲೂ."

"ದಾಟುದ್ರೆ?"

"ದಾಟುದ್ರೆ ನಿಮ್ ಕಿವಿ ವಿಷ್ಯ ಸಾಯೋಗಂಟ ನಾನ್ ಬಾಯ್ಬಿಟ್ ಎತ್ತಲ್ಲ."

ಮಾವ ಎಡಗೈಯಲ್ಲೇ ಅತ್ತೆಯ ಕೈಗೆ ಕೈ ಕೊಟ್ಟರು, ಬಲಗೈಯಲ್ಲಿ ಮುದ್ದೆಯಿತ್ತು. ತಾನು ಗೆದ್ದೇ ಬಿಟ್ಟೆನೆಂದು ಅತ್ತೆ ಅವತ್ತು ಮಜ್ಜಿಗೆಯನ್ನು ಎರಡು ಸಲ ಬಡಿಸಿದರು. ಮೋಟಾರು ಕಟ್ಟಿದ ಹಕ್ಕಿ ರೆಕ್ಕೆ ಬಡಿದು ಹಾರುವುದುಂಟೆ?

ಮಾವ ಆರಂಭಿಸಿದ್ದು ವಿಜ್ಞಾನದಿಂದಲ್ಲ, ವ್ಯಾಕರಣದಿಂದ. ನನ್ನನ್ನು ತೋಟಕ್ಕೆ ಕರೆದೊಯ್ದು ಕೇಳಿದರು:

"ಹಕ್ಕಿಗೆ ಏನಿರ್ತದೆ?"

"ಗರಿ."

"ತೆಂಗಿನ್ ಮರಕ್ಕೆ?"

"ಗರಿ."

"ಮತ್ತೆ? ಹಿಂದಿನೋರು ಎರಡ್ಕೂ ಒಂದೇ ಹೆಸ್ರು ಸುಮ್‌ಸುಮ್ನೆ ಇಟ್ಟವ್ರಾ? ಗರಿ ಅಂದ್ಮೇಲೆ ಅದು ಹಾರ್ಲೇಬೇಕು ಕಣ್ಲಾ."

"ಹಂಗಾದ್ರೆ ಮರ ಯಾಕ್ ಹಾರ್ಲಿಲ್ಲ ಮಾವ?"

"ಬೇರು ಬಿಡ್ತಲ್ಲ, ಅದುಕ್ಕೆ."

ಮೊದಲ ಹಕ್ಕಿ ಪೂರ್ತಿ ತೆಂಗಿನ ಗರಿಯದು. ಎರಡು ಕಡೆಗೂ ಆಳುದ್ದದ ಸೋಗೆ, ನಡುವೆ ಯಾವುದೋ ಹಳೆಯ ಕಾರಿನ ವೈಪರ್ ಮೋಟಾರು, ಹೊಟ್ಟೆಗೆ ಮೊಪೆಡ್ಡಿನ ಬ್ಯಾಟರಿ. ಒಟ್ಟು ತೂಕ ಒಂದು ಕರುವಿನಷ್ಟು. ಅಂಗಳದಲ್ಲಿ ಇಟ್ಟು ತಂತಿ ಮುಟ್ಟಿಸಿದರು. ರೆಕ್ಕೆ ಬಡಿಯಿತು, ಸುಳ್ಳು ಹೇಳಬಾರದು. ಏಳಲಿಲ್ಲ. ಆದರೆ ಬಡಿದ ಬಿರುಸಿಗೆ ಹಿಂದಕ್ಕೆ ಸರಿಯುತ್ತ ಹೊಸ್ತಿಲಿನಿಂದ ಬಾವಿಯ ಕಟ್ಟೆಯವರೆಗೂ ಅಂಗಳವನ್ನು ಚೊಕ್ಕಟವಾಗಿ ಗುಡಿಸಿಕೊಂಡು ಹೋಯಿತು. ಒಂದು ತರಗೆಲೆ ಉಳಿಯಲಿಲ್ಲ.

ಅತ್ತೆ ಬಾಗಿಲಿನಲ್ಲಿ ನಿಂತು ನೋಡಿದರು. "ಹಾರ್ದಿದ್ರೂ ಪರ್ವಾಗಿಲ್ಲ ಬುಡಿ. ದಿನಾ ಬೆಳಿಗ್ಗೆ ಒಂದ್ ಸಲ ಬುಟ್ಬುಡಿ."

ಎರಡನೆಯ ಹಕ್ಕಿಗೆ ಮುಂಚೆ ಅಧ್ಯಯನ ಪ್ರವಾಸ. ಮಾವ ಕೆರೆ ಏರಿಯ ಮೇಲೆ ಕೂತು ಕೊಕ್ಕರೆಗಳನ್ನು ನೋಡಿದರು. ಕೊಕ್ಕರೆಗಳು ತೀರಾ ಬೇಗ ಹಾರುತ್ತವೆ, ರೆಕ್ಕೆಯ ಲೆಕ್ಕ ಸಿಗುವುದಿಲ್ಲ ಎಂದು ಕಂಡಾಗ ನನ್ನ ಕಡೆ ತಿರುಗಿದರು. "ನೀನ್ ಮಿಮಿಕ್ರಿಯೋನಲ್ವಾ? ಎಲ್ಲಿ, ಕೊಕ್ಕರೆ ಮಾಡು. ನಿಧಾನುಕ್ ಮಾಡು." ಕಲಾವಿದನ ಮರ್ಯಾದೆ ಪ್ರಶ್ನೆ. ಎರಡು ಕೈಗೂ ಗರಿಯ ತುಂಡು ಕಟ್ಟಿಕೊಂಡು, ಒಂದು ಕಾಲು ಮಡಚಿ, ನಿಧಾನವಾಗಿ ರೆಕ್ಕೆ ಬಡಿಯತೊಡಗಿದೆ. "ಕತ್ತು ಉದ್ದ ಮಾಡ್ಲಾ" ಎಂದರು. ಮಾಡಿದೆ. ಅದೇ ಹೊತ್ತಿಗೆ ಏರಿಯ ಮೇಲೆ ಬೈಕಿನಲ್ಲಿ ಬಂದ ಪರಮೇಶಣ್ಣ ಗಾಡಿ ನಿಲ್ಲಿಸಿ, ಬಹಳ ಹೊತ್ತು ನನ್ನನ್ನೇ ನೋಡಿ, ಮೆತ್ತಗೆ ಕೇಳಿದರು: "ಏನಪ್ಪ, ನಿಂಗೂ ಶುರುವಾಯ್ತಾ?"

ಎರಡನೆಯದಕ್ಕೆ ಕೊಡೆಯ ಕಪ್ಪು ಬಟ್ಟೆಯ ರೆಕ್ಕೆ. ಒಂದೊಂದು ರೆಕ್ಕೆಗೂ ಮಾವ ತಾವೇ ತಂತಿ ಸುತ್ತಿದ ಒಂದೊಂದು ಸಣ್ಣ ಮೋಟಾರು. ಇದು ಎದ್ದಿತು. ಮೊಣಕಾಲೆತ್ತರ ಎದ್ದು, ಬುಗುರಿಯಂತೆ ಗಿರಗಿರ ಸುತ್ತಿ, ಬೇಲಿಯ ಸಂದಿಯಲ್ಲಿ ನುಗ್ಗಿ, ಪರಮೇಶಣ್ಣ ಒಣಹಾಕಿದ್ದ ಕೊಬ್ಬರಿಯ ಮೇಲೆ ಕೂತಿತು. ಬೇಲಿ ದಾಟಿತು ಎಂದು ಮಾವ ವಾದಿಸಿದರು. ನುಗ್ಗುವುದು ದಾಟುವುದಲ್ಲ ಎಂದು ಅತ್ತೆ ತೀರ್ಪು ಕೊಟ್ಟರು. ಪರಮೇಶಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟು, "ಕೊಡೆ ರಿಪೇರಿಗೆ ಬುಟ್ಟಿದ್ರಾ?" ಎಂದರು.

ಯಾಕೆ ಸುತ್ತಿತೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ಎಡಗಡೆಯ ಮೋಟಾರು ಕುಂಯ್ ಎನ್ನುತ್ತಿತ್ತು, ಬಲಗಡೆಯದು ಗುಂಯ್ ಎನ್ನುತ್ತಿತ್ತು. ಒಂದು ಜೋರು, ಒಂದು ನಿಧಾನ. ಹಳೆಯ ಮಾವನಾಗಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಕುಂಯ್ ಗುಂಯ್ ಮಾಡಿ ತೋರಿಸಿದೆ. ಯಾರೂ ನಗಲಿಲ್ಲ. ಒಳ್ಳೆಯ ಐಟಂ ಹಾಳಾಯಿತಲ್ಲ ಎಂದುಕೊಂಡೆ. ಅದಕ್ಕಿಂತ ಹೆಚ್ಚಿನದೇನೂ ಹೊಳೆಯುವ ತಲೆ ನನಗೆ ಆಗ ಇರಲಿಲ್ಲ.

ಮಾರನೆಯ ದಿನ ಅಂಗಡಿಗೆ ಹೋದರೆ ಮಾವ 'ಸೋಲಿನ ಕಾರಣ' ಹುಡುಕುತ್ತಿದ್ದರು. ಓಡುವ ಮೋಟಾರಿಗೆ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದರು. ಕಿವಿಗೆ ಬಾರದ್ದನ್ನು ದವಡೆಯಿಂದ ತಿಳಿಯುವ ಪ್ರಯತ್ನ. ಪಂಪು ತಂದಿದ್ದ ಕಂದಿಕೆರೆಯ ಒಬ್ಬ ರೈತ ಇದನ್ನು ಕಂಡು ನನ್ನ ಪಕ್ಕೆ ತಿವಿದು, "ಇದೇನ್ಲಾ, ನಿಮ್ಮಾವ ಮೋಟಾರ್ ರುಚಿ ನೋಡ್ತಾವ್ರೆ?" ಎಂದ. "ಹೂಂ ಕಣಣ್ಣ, ಉಪ್ ಕಮ್ಮಿ ಇದ್ರೆ ಹೇಳ್ತಾರೆ" ಎಂದೆ. ಅಷ್ಟರಲ್ಲಿ ಮಾವ ಬಾಯಿಂದ ಸ್ಕ್ರೂಡ್ರೈವರ್ ತೆಗೆದು, "ಎಡ್ಗಡೇದು ಜಾಸ್ತಿ ಓಡ್ತಾ ಐತೆ. ಎರಡ್ ಮೋಟಾರ್ ಬೇಡ. ಒಂದೇ ಸಾಕು" ಎಂದರು. ಸರಿಯಾಗಿಯೇ ಕಂಡುಹಿಡಿದಿದ್ದರು.

ಮೂರನೆಯ ಹಕ್ಕಿಗೆ ದಾರಿ ತೋರಿಸಿದ್ದು ಅವರ ಪಂಚೆ. ಹಗ್ಗದ ಮೇಲೆ ಒಣಹಾಕಿದ್ದ ಪಂಚೆ ಗಾಳಿಗೆ ಪಟಪಟಿಸುವುದನ್ನು ಮಾವ ಒಂದು ಗಂಟೆ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಎದ್ದು ಬಂದು, ಕೈಯಲ್ಲಿದ್ದ ಕಾಫಿ ಲೋಟ ನನಗೆ ಕೊಟ್ಟು ಹೇಳಿದರು: "ಮೇಲಿನಂಚು ಬಿಗಿ, ಕೆಳಗಿನಂಚು ಸಡ್ಲ. ಅದುಕ್ಕೇ ಗಾಳೀನ ಹಿಂದುಕ್ ತಳ್ತದೆ. ನಾನ್ ಎರಡ್ ಅಂಚೂ ಬಿಗಿ ಮಾಡಿದ್ದೆ ಕಣ್ಲಾ, ಅದೇ ತಪ್ಪು." ರೆಕ್ಕೆಯ ಮುಂದಿನ ಅಂಚಿಗೆ ಮಾತ್ರ ಬಿದಿರಿನ ಸೀಳು, ಹಿಂದಿನ ಅಂಚು ಸಡಿಲ. ನಡುನಡುವೆ ಪೊರಕೆಯಿಂದ ಆಯ್ದ ಗರಿಕಡ್ಡಿ. ವ್ಯಾಕರಣವನ್ನು ಅವರು ಪೂರ್ತಿ ಕೈಬಿಡಲಿಲ್ಲ. ಆಟದ ಕಾರಿನ ಹಲ್ಲುಚಕ್ರ, ಬೆರಳುದ್ದದ ಮೋಟಾರು, ಬೆಂಕಿಪೊಟ್ಟಣದಷ್ಟು ಬ್ಯಾಟರಿ. ಸ್ವಿಚ್ಚಿಲ್ಲ, ಸ್ವಿಚ್ಚು ಭಾರ. ಎರಡು ತಂತಿ ತಿರುಚಿದರೆ ಶುರು, ಬ್ಯಾಟರಿ ತೀರಿದರೆ ನಿಲುಗಡೆ. ರೆಕ್ಕೆಗೆ ಹೊದಿಸಲು ಮಾತ್ರ ಏನೂ ಸರಿಹೊಂದಲಿಲ್ಲ. ಕಾಗದ ಹರಿಯಿತು, ಅಂಗಡಿಯ ಪ್ಲಾಸ್ಟಿಕ್ಕು ಜೋತುಬಿತ್ತು.

ಮೂರು ದಿನ ಮಾವ ಬರಿಯ ಎಲುಬಿನ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾಲ್ಕನೆಯ ದಿನ ಅತ್ತೆ ಬೀರು ತೆಗೆದು, ರೇಷ್ಮೆ ಸೀರೆಗಳ ಮೇಲಿನ ತೆಳುವಾದ ಗರಿಗರಿ ಕವರುಗಳನ್ನು ಬಿಚ್ಚಿ ತಂದು ಅವರ ಮುಂದೆ ಹಾಕಿದರು.

"ಅತ್ತೆ, ಇದು ಹಾರುದ್ರೆ ಸೋಲೋದ್ ನೀವು" ಎಂದೆ.

"ಹಾರ್ಬಾರ್ದು ಅಂತ ಶನಿವಾರ ಶನಿವಾರ ದೇವ್ರಿಗೆ ಕಾಯಿ ಒಡಿಸ್ತಾ ಇದೀನಿ ಕಣೋ," ಎಂದರು ಅತ್ತೆ. "ಆದ್ರೆ ಹಿಂಗ್ ಸಪ್ಪಗ್ ಕೂತ್ರೆ ನೋಡಕ್ ಆಗಲ್ಲ."

ಒಂದು ಭಾನುವಾರ, ಗಾಳಿಯಿಲ್ಲದ ಬೆಳಿಗ್ಗೆ, ಅಂಗಳದಲ್ಲಿ ಪರೀಕ್ಷೆ. ಪರಮೇಶಣ್ಣ ಬೇಲಿಯ ಆಚೆ ತೀರ್ಪುಗಾರರಾಗಿ ನಿಂತರು. ಅತ್ತೆ ಬಾವಿಯ ಕಟ್ಟೆಗೆ ಒರಗಿ ನಿಂತರು, ಗೋಡಂಬಿಯ ಡಬ್ಬಿಯನ್ನು ಗೆದ್ದವರ ಬಹುಮಾನದ ಹಾಗೆ ಕೈಯಲ್ಲಿ ಹಿಡಿದು. ನಾನು ಮೈಕಿಲ್ಲದ ಮೈಕಿನಲ್ಲಿ "ಮಾನ್ಯರೇ" ಎಂದು ಶುರುಮಾಡಿದೆ, ಯಾರೂ ಗಮನ ಕೊಡಲಿಲ್ಲ. ಮಾವ ತಂತಿ ತಿರುಚಿದರು. ಕೈಯಲ್ಲಿದ್ದ ಹಕ್ಕಿ ಒಮ್ಮೆಗೇ ಜೀವ ಬಂದಂತೆ ಒದ್ದಾಡಿತು. ಎರಡು ಹೆಜ್ಜೆ ಓಡಿ, ತೂರಿದರು.

ಅದು ಮೊದಲು ಕೆಳಗೆ ಬಿತ್ತು. ಅತ್ತೆ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರು. ನೆಲಕ್ಕೆ ಒಂದು ಮೊಳ ಇರುವಾಗ ಸೀರೆ ಕವರಿಗೆ ಗಾಳಿ ಸಿಕ್ಕಿತು. ಪಟಪಟ, ಪಟಪಟ ಎನ್ನುತ್ತ ಏರಿತು. ನಿಜವಾಗಿ ಏರಿತು. ಬೇಲಿಯ ಮೇಲೆ, ಪರಮೇಶಣ್ಣನ ತಲೆಯ ಮೇಲೆ, ಬೆಳಗಿನ ಬಿಸಿಲಿನಲ್ಲಿ ಮಿಣಮಿಣ ಹೊಳೆಯುತ್ತ ಹೋಯಿತು. ಪರಮೇಶಣ್ಣ ಎರಡೂ ಕೈಯೆತ್ತಿ, "ದಾಟ್ತು, ದಾಟ್ತು, ಗೆದ್ರು" ಎಂದು ಕುಣಿದರು. ನಾನು ಮಂತ್ರಿಗಳ ದನಿಯಲ್ಲಿ ಕೂಗಿದೆನೋ ಬಸ್ಸಿನ ದನಿಯಲ್ಲೋ ಜ್ಞಾಪಕವಿಲ್ಲ. ಅತ್ತೆ ತುಟಿ ಬಿಗಿಹಿಡಿದು, ಡಬ್ಬಿಯನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದರು.

ಹಕ್ಕಿ ಮಾತ್ರ ಪಂದ್ಯ ಮುಗಿಯಿತೆಂದು ನಿಲ್ಲಲಿಲ್ಲ. ಅರ್ಧ ಸುತ್ತು ಹಾಕಿ, ಪರಮೇಶಣ್ಣನ ತೋಟದ ಎಲ್ಲಕ್ಕಿಂತ ಎತ್ತರದ ತೆಂಗಿನ ಮರದ ಸುಳಿಗೆ ಹೋಗಿ ನುಗ್ಗಿತು. ಗರಿಗಳ ನಡುವೆ ಮರೆಯಾಯಿತು.

ನಾವೆಲ್ಲ ಬೇಲಿ ದಾಟಿ ಮರದ ಬುಡಕ್ಕೆ ಓಡಿದೆವು. ಮೇಲಿನಿಂದ ಪಟಪಟ ಎಂಬ ಸದ್ದು ಬರುತ್ತಲೇ ಇತ್ತು. ಪರಮೇಶಣ್ಣ ಕತ್ತು ಓರೆಮಾಡಿ ಆಲಿಸಿದರು, ನಾನೂ ಆಲಿಸಿದೆ, ನಮ್ಮ ಮುಖದಲ್ಲಿ ನಗುವಿತ್ತು. ಮಾವ ಏದುಸಿರು ಬಿಡುತ್ತ ಬಂದು ಮೇಲೆ ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಹಸಿರು ಗರಿಯ ಹೊರತು ಏನೂ ಕಾಣಲಿಲ್ಲ.

"ಬಡೀತಾ ಐತಾ?" ಎಂದರು.

ನಮ್ಮ ನಗು ಅಲ್ಲೇ ನಿಂತಿತು. ಪಂದ್ಯ ಅವರು ಗೆದ್ದಿದ್ದರು. ಈ ಪ್ರಶ್ನೆಗೆ ಹೌದು ಎಂದರೂ ಅಲ್ಲ ಎಂದರೂ ಅದು ಕಿವಿಯ ವಿಷಯವೇ, ಇನ್ನು ಎತ್ತಬಾರದ್ದು.

"ನಿಂತೋಯ್ತಾ ಅಂದೆ ಕಣ್ರೋ." ಮಾವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಇಷ್ಟು ವರ್ಷ ಮುಖ ನೋಡಿಯೇ ಮಾತು ಹಿಡಿಯುತ್ತಿದ್ದ ಮನುಷ್ಯ. ಪರಮೇಶಣ್ಣ ನೆಲ ನೋಡಿದರು. ನಾನು ಬಾಯಿ ತೆರೆದೆ. ಹತ್ತು ಜನರ ದನಿ ಬರುವ ಬಾಯಿಂದ ಒಂದು ದನಿಯೂ ಹೊರಡಲಿಲ್ಲ.

ಆಗ ಅತ್ತೆ ಬಂದು ಮಾವನ ಎದುರಿಗೆ ನಿಂತರು. ಸೆರಗು ಸರಿಮಾಡಿಕೊಂಡು, ಎರಡೂ ಕೈಗಳನ್ನು ಭುಜದೆತ್ತರಕ್ಕೆ ಚಾಚಿ, ಬಡಿಯತೊಡಗಿದರು. ಮೇಲೆ ಪಟಪಟ ಎಂದರೆ ಇಲ್ಲಿ ಕೈ ಪಟಪಟ. ಮೇಲಿನ ಸದ್ದು ತಡವರಿಸಿದರೆ ಕೈಯೂ ತಡವರಿಸುತ್ತಿತ್ತು. ಮಾವ ಮರದ ಕಡೆ ನೋಡುವುದನ್ನು ಬಿಟ್ಟು ಆ ಕೈಗಳನ್ನೇ ನೋಡಿದರು. ಒಂದು ಸಲ ಮೇಲಿನ ಸದ್ದು ಅರ್ಧಕ್ಕಿಳಿಯಿತು; ಎಡಗೈ ನಿಂತು ಬಲಗೈ ಮಾತ್ರ ಬಡಿಯಿತು. "ಎಡಗಡೆ ಸಿಕ್ಕಾಕ್ಕೊಂಡೈತೆ," ಎಂದರು ಮಾವ. ಮತ್ತೆ ಎರಡೂ ಬಡಿದವು. "ಹಾಂ, ಬುಡುಸ್ಕೊಂತು."

ಸ್ವಲ್ಪ ಹೊತ್ತಿಗೆ ಮೇಲಿನ ಸದ್ದು ನಿಧಾನವಾಯಿತು. ನಿಂತಿತು. ನನಗೆ ಕೇಳಿಸಿತು, ಪರಮೇಶಣ್ಣನಿಗೂ ಕೇಳಿಸಿತು. ಅತ್ತೆಯ ಕೈ ನಿಲ್ಲಲಿಲ್ಲ. ಬಡಿಯುತ್ತಲೇ ಇತ್ತು. ಅವರು ಮಾವನ ಮುಖವನ್ನೇ ನೋಡುತ್ತಿದ್ದರು, ಮಾವ ಅವರ ಕೈಗಳನ್ನು.

ಕೊನೆಗೆ ಮಾವ ಮುಂದೆ ಬಂದು ಆ ಎರಡು ಕೈಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

"ಸಾಕು ಬುಡೇ. ಆ ಬ್ಯಾಟ್ರಿ ಇಷ್ಟೊತ್ತು ಬರಲ್ಲ. ಮಾಡ್ದೋನು ನಾನು, ನಂಗ್ ಗೊತ್ತಿಲ್ವಾ?"

ಮಾವ ಬಹಳ ಹೊತ್ತು ಕೈ ಬಿಡಲಿಲ್ಲ. ಆಮೇಲೆ, ನಾನು ಅವರಿಂದ ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ಎಲ್ಲಿ, ಕೊಡು ಅದನ್ನ" ಎಂದರು.

ಅತ್ತೆ ಸೆರಗಿನಿಂದ ಡಬ್ಬಿ ತೆಗೆದರು.

"ಪಂದ್ಯ ಗೆದ್ದೋರು ನೀವು. ನಾನಂತೂ ಬಾಯಿ ಬಿಟ್ಟಿಲ್ಲ ಕಣ್ರೀ."